ಹನ್ನೊಂದು ಸ್ವಿಚ್ಚಿನ ಬಸ್ಸು

ಇವತ್ತು ಮಾಡಿದ ಕೆಲಸಗಳು: ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಸುವಿನ ಹಾಲು ಕರೆದು ಡೈರಿಗೆ ಕೊಟ್ಟೆ. ಒಂದು ಮೊರ ಅವರೆಕಾಯಿ ಸುಲಿದು ಕಾಳು ನೆನೆಹಾಕಿದೆ. ಅತ್ತೆಯ ಕನ್ನಡಕಕ್ಕೆ ಹೊಸ ದಾರ ಕಟ್ಟಿದೆ. ಹಳೆಯ ದಾರವನ್ನು ಕರುವಿನ ಕೊರಳಿನ ಗೆಜ್ಜೆಗೆ ಕಟ್ಟಿದೆ. ಬಸ್ಸಿನೊಳಗೆ ಕಸ ಗುಡಿಸಿದೆ. ಬಸ್ಸಿನ ಹನ್ನೊಂದು ಸ್ವಿಚ್ಚುಗಳನ್ನೂ ಆಫ್ ಮಾಡಿದೆ.

ಈ ಕೊನೆಯ ಕೆಲಸ ನಿಮ್ಮ ಮನೆಯಲ್ಲಿ ಇರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಇದು ಪಾತ್ರೆ ತೊಳೆದ ಹಾಗೆ, ದಿನಾ ಮುಗಿಯುತ್ತದೆ, ದಿನಾ ಹುಟ್ಟುತ್ತದೆ. ನಾನು ಆಫ್ ಮಾಡಿ ಇಳಿಯುತ್ತೇನೆ. ನಮ್ಮ ಯಜಮಾನರು ಟೈರು ನೋಡುವ ನೆಪದಲ್ಲಿ ಹತ್ತಿ ಎಲ್ಲವನ್ನೂ ಆನ್ ಮಾಡಿ ಇಳಿಯುತ್ತಾರೆ. ಕೇಳಿದರೆ, "ಇರ್ಲಿ ಬುಡು, ಕರೆಂಟು ಬಂದಾಗ ತಾನೇ ಓಡ್ತದೆ" ಎನ್ನುತ್ತಾರೆ.

ತಪ್ಪು ಅವರದಲ್ಲ, ಪಂಪ್‌ಸೆಟ್ಟಿನದು. ಭಾರತೀನಗರದ ಹೊರಗೆ ನಮಗೊಂದು ಒಂದೂವರೆ ಎಕರೆ ಕಬ್ಬಿನ ಗದ್ದೆ ಇದೆ. ಗದ್ದೆಗೆ ಕರೆಂಟು ಬರುವುದು ಅದರ ಇಷ್ಟದ ಹೊತ್ತಿಗೆ. ಅದು ಬಂದಾಗ ನಾವು ಅಲ್ಲಿರುವುದಿಲ್ಲ, ನಾವು ಅಲ್ಲಿದ್ದಾಗ ಅದು ಬರುವುದಿಲ್ಲ. ಆದ್ದರಿಂದ ನಮ್ಮ ಕಡೆ ಮೋಟರಿನ ಸ್ವಿಚ್ಚನ್ನು ಯಾರೂ ಆಫ್ ಮಾಡುವುದಿಲ್ಲ. ಆಟೊ ಸ್ಟಾರ್ಟರ್ ಹಾಕಿ, ಎಲ್ಲ ಆನ್ ಇಟ್ಟು, ಮನೆಗೆ ಬಂದು ಮುದ್ದೆ ಉಣ್ಣುತ್ತಾರೆ. ಕರೆಂಟು ಬಂದರೆ ನೀರು ತಾನೇ ಹರಿಯುತ್ತದೆ. ಮೂವತ್ತು ವರ್ಷ ಹೀಗೆ ಬದುಕಿದವರ ಕಣ್ಣಿಗೆ ಆಫ್ ಆಗಿರುವ ಸ್ವಿಚ್ಚು, ಬರುವ ಲಕ್ಷ್ಮಿಯ ಮುಖಕ್ಕೆ ಹಾಕಿದ ಬಾಗಿಲಿನ ಹಾಗೆ ಕಾಣುತ್ತದೆ.

ಸ್ವಿಚ್ಚಿನ ವಿಷಯದಲ್ಲಿ ನಾನು ಬೆಳೆದ ರೀತಿಯೇ ಬೇರೆ. ಮದ್ದೂರಿನ ಹತ್ತಿರ ನನ್ನ ತವರುಮನೆಗೆ ಮೊದಲು ಕರೆಂಟು ಬಂದಾಗ ಸಿಕ್ಕಿದ್ದು ಒಂದೇ ಬಲ್ಬು. ನಮ್ಮಪ್ಪ ಅಡುಗೆಮನೆಗೂ ನಡುಮನೆಗೂ ನಡುವಿನ ಗೋಡೆಯಲ್ಲಿ ಒಂದು ಚೌಕ ಕಿಂಡಿ ಕೊರೆಸಿ, ಬಲ್ಬನ್ನು ಅದರಲ್ಲಿ ಕೂರಿಸಿದರು. ಈ ಕಡೆ ಅವ್ವನ ಒಲೆಗೂ ಬೆಳಕು, ಆ ಕಡೆ ನಮ್ಮ ಮಗ್ಗಿಪುಸ್ತಕಕ್ಕೂ ಬೆಳಕು. ಊಟ ಮುಗಿದ ತಕ್ಷಣ ಆಫ್. ಒಂದು ದಿನ ಆ ಕಿಂಡಿಯಲ್ಲಿ ಕೈಯಿಟ್ಟು ಗೋಡೆಯ ಮೇಲೆ ನಾಯಿಯ ನೆರಳು ಮಾಡುತ್ತಿದ್ದೆ. ಆ ಕಡೆ ಸಾರಿಗೆ ಉಪ್ಪು ಹಾಕುತ್ತಿದ್ದ ಅವ್ವನಿಗೆ ಕತ್ತಲಾಗಿ, ಸಾರು ಉಪ್ಪುಪ್ಪಾಗಿ, ನಾನು ಬೆನ್ನಿಗೆ ಎರಡು ತಿಂದೆ. ಅಂಥವಳಿಗೆ ಈಗ ಹನ್ನೊಂದು ಸ್ವಿಚ್ಚು ಕಾಯುವ ಕೆಲಸ.

ಬಸ್ಸು ಎಲ್ಲಿಂದ ಬಂತು ಎಂದು ಹೇಳಲೇ ಇಲ್ಲವಲ್ಲ. ನಮ್ಮವರು ಇಪ್ಪತ್ತೆರಡು ವರ್ಷ ಒಂದು ಸ್ಕೂಲಿನ ಬಸ್ಸು ಓಡಿಸಿದರು. ಸ್ಕೂಲಿನವರು ಹೊಸ ಬಸ್ಸು ತಂದಾಗ ಹಳೆಯದು ಗುಜರಿಗೆ ಹೋಗುವುದಿತ್ತು. ಇವರಿಗೆ ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಗುಜರಿಯ ಬೆಲೆಗೆ ಬಸ್ಸೇ ಮನೆಗೆ ಬಂತು, ಹುಲ್ಲಿನ ಮೆದೆಯ ಪಕ್ಕ ನಿಂತಿತು. ಮದ್ದೂರಿನಲ್ಲಿ ಸೀಟುಗಳನ್ನು ಬಿಚ್ಚಿಸಿ, ಎರಡು ಮಂಚ, ಒಂದು ಅಡುಗೆ ಕಟ್ಟೆ ಮಾಡಿಸಿದರು. ಯಾಕೆ ಎಂದು ಕೇಳಿದರೆ "ಇರ್ಲಿ" ಎಂದರು. ಬಿಚ್ಚಿಸುವ ಮೊದಲು ಸೀಟಿನ ಸಂದಿಗಳಲ್ಲಿ ನನಗೆ ಹದಿನೇಳು ಹೇರ್‌ಪಿನ್ನು, ಒಂದು ಕೈವಾರ, ಅರ್ಧ ಕಚ್ಚಿದ ಹುಣಸೆಹಣ್ಣಿನ ಉಂಡೆ, "ರೂಪ ಕತ್ತೆ" ಎಂಬ ಬರಹ ಸಿಕ್ಕವು. ಬರೆದವನು ಯಾರೆಂದು ನಮ್ಮವರು ಅಕ್ಷರ ನೋಡಿಯೇ ಹೇಳಿದರು. "ಆಮೇಲೆ ಅವಳ್ನೇ ಮದ್ವೆ ಆದ" ಎಂದೂ ಹೇಳಿದರು.

ಆರು ತಿಂಗಳು ಆ ಬಸ್ಸಿನಲ್ಲಿ ನಮ್ಮ ಕೋಳಿಗಳು ಮೊಟ್ಟೆ ಇಟ್ಟದ್ದು ಬಿಟ್ಟರೆ ಮತ್ತೇನೂ ನಡೆಯಲಿಲ್ಲ. ಅಷ್ಟರಲ್ಲಿ ನನ್ನ ನಾದಿನಿ ಜಯಳ ಮಂಡಿ ಆಪರೇಷನ್ ಆಯಿತು.

ಜಯ ನಮ್ಮವರ ತಂಗಿ, ಅತ್ತೆಗೆ ಒಬ್ಬಳೇ ಮಗಳು. ಮಳವಳ್ಳಿಗೆ ಕೊಟ್ಟು ಮೂವತ್ತೆರಡು ವರ್ಷ. ವರ್ಷಕ್ಕೆ ನಾಲ್ಕು ಸಲವಾದರೂ ತವರಿಗೆ ಬಂದು ಅವ್ವನ ಪಕ್ಕ ಮಲಗಿ ಹೋಗುತ್ತಿದ್ದವಳು. ಆಪರೇಷನ್ ಆದಮೇಲೆ ಡಾಕ್ಟರು ವರ್ಷ ಕಳೆಯುವ ತನಕ ಪ್ರಯಾಣ ಬೇಡ ಎಂದರು. ಹಾಗಾದರೆ ಅವ್ವನೇ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರಬಹುದಲ್ಲ ಎಂದು ನೀವು ಕೇಳುತ್ತೀರಿ. ನಮ್ಮತ್ತೆಯನ್ನು ನೀವು ನೋಡಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಹೆತ್ತವಳು ರಾತ್ರಿ ತಂಗಬಾರದು ಎಂಬುದು ಅವರ ಅವ್ವ ಹೇಳಿಕೊಟ್ಟ ಮಾತು. ಮಗಳ ಎರಡು ಹೆರಿಗೆಗೂ ಅವಳನ್ನೇ ಇಲ್ಲಿಗೆ ಕರೆಸಿಕೊಂಡವರು. ಮೂವತ್ತೆರಡು ವರ್ಷದಲ್ಲಿ ಎಷ್ಟೋ ಸಲ ಮಳವಳ್ಳಿಗೆ ಹೋಗಿದ್ದಾರೆ, ಒಂದು ಸಲವೂ ಅಲ್ಲಿ ದೀಪ ಹಚ್ಚುವ ಹೊತ್ತು ನೋಡಿಲ್ಲ. ನಾಲ್ಕು ಗಂಟೆಯಾದರೆ ಸೆರಗು ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಮುಖ ಮಾಡುತ್ತಾರೆ.

ಜಯ ಫೋನಿನಲ್ಲಿ ಅತ್ತಳು. "ಒಂದ್ ರಾತ್ರಿ ಕಣತ್ಗೆ. ಅವ್ವನ ಪಕ್ಕ ಮನೀಕಂಡ್ರೆ ಈ ಮಂಡಿ ನೋವು ಅರ್ಧ ಓಯ್ತದೆ. ನೀನಾದ್ರೂ ಏಳು."

ನಾನು ಹೇಳಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, "ಬೀಗ್ರ ಮನೇಲಿ ಮನೀಕಂಡು ಬಂದೋಳು ಅಂತ ಎನಿಸ್ಕಳಕೆ ಎಪ್ಪತ್ತೆಂಟು ವರ್ಸ ಬದುಕಬೇಕಿತ್ತಾ?" ಎಂದರು.

ಆಗ ನಮ್ಮವರು ಮೆದೆಯ ಪಕ್ಕದ ಬಸ್ಸನ್ನು ನೋಡಿದರು. ನಾನೂ ನೋಡಿದೆ. ಗಂಡ ಹೆಂಡತಿಗೆ ಒಂದೇ ಯೋಚನೆ ಬಂದದ್ದು ಮದುವೆಯಾದ ಮೇಲೆ ಅದೇ ಮೊದಲು. ಬಸ್ಸು ಮಗನ ಆಸ್ತಿ. ಮಗನ ಆಸ್ತಿಯಲ್ಲಿ ಅವ್ವ ಮಲಗಿದರೆ ಅದು ಅವ್ವನ ಸ್ವಂತ ಮನೆ. ಆ ಸ್ವಂತ ಮನೆ ಜಯಳ ಬಾಗಿಲ ಮುಂದೆ ನಿಂತಿದ್ದರೆ ಯಾವ ಶಾಸ್ತ್ರ ಏನು ಮಾಡೀತು?

ಅತ್ತೆ ಎರಡು ದಿನ ಯೋಚಿಸಿ, "ಅದು ಬಸ್ಸು ಕಣ್ಲಾ ನಿಂಗ, ಮನೆ ಅಲ್ಲ" ಎಂದರು.

"ಏನಿದ್ರೆ ಮನೆ ಆಯ್ತದೆ ಏಳವ್ವ, ಮಾಡುಸ್ತೀನಿ" ಎಂದರು ನಮ್ಮವರು. ಅಲ್ಲಿಂದ ಶುರುವಾಯಿತು.

ಕರೆಂಟಿನ ಕೆಲಸಕ್ಕೆ ಬಂದವನು ಹೊಳಲಿನ ಸಿದ್ದರಾಜು. ಸುತ್ತಲಿನ ಪಂಪ್‌ಸೆಟ್ಟುಗಳಿಗೆಲ್ಲ ಅವನೇ ವೈದ್ಯ. ಬಸ್ಸನ್ನು ಒಂದು ಸುತ್ತು ಬಂದು, "ಎಷ್ಟು ಅಡಿ ಬೋರು?" ಎಂದು ಕೇಳುವ ಮುಖದಲ್ಲಿ ನಿಂತ. ಎಂಜಿನ್ನಿನದಲ್ಲದೆ ದೀಪಗಳಿಗೆಂದೇ ಬೇರೆ ಬ್ಯಾಟರಿ, ಇನ್ವರ್ಟರು ಕೂರಿಸಿದ. ಎಲ್ಲಿಯಾದರೂ ನಿಲ್ಲಿಸಿದಾಗ ಹೊರಗಿನ ಕರೆಂಟು ತೆಗೆದುಕೊಳ್ಳಲು ಒಂದು ಉದ್ದ ವೈರು, ಅದರ ತುದಿಗೆ ಪ್ಲಗ್ಗು ಕೊಟ್ಟ. ಇಷ್ಟೂ ಸರಿ. ಇಡೀ ಬಸ್ಸಿಗೆ ಮೇನ್ ಸ್ವಿಚ್ಚು ಬೇಕಲ್ಲ ಎಂದಾಗ, ಕೈಗೆ ಯಾವುದು ಗೊತ್ತಿತ್ತೋ ಅದನ್ನೇ ಹಾಕಿದ. ಡ್ರೈವರ್ ಸೀಟಿನ ಹಿಂದೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬ. ಹಸಿರು ಗುಂಡಿ, ಕೆಂಪು ಗುಂಡಿ.

"ಇದ್ಯಾಕಪ್ಪ ಸಿದ್ದರಾಜು, ಬಸ್ಸಲ್ಲಿ ನೀರು ಎತ್ತಬೇಕಾ?" ಎಂದೆ.

"ಸುಮ್ಕಿರಕ್ಕ. ಏನಾರ ಎಚ್ಚುಕಮ್ಮಿ ಆದ್ರೆ ಕೆಂಪು ಗುಂಡಿ ಒತ್ತು. ಎಂಥ ಮೋಟ್ರೂ ತೆಪ್ಪಗಾಯ್ತದೆ" ಎಂದ.

ಅತ್ತೆ ದಿನಾ ಬಸ್ಸಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತು ಮನೆಯ ಲಕ್ಷಣಗಳನ್ನು ಹೇಳತೊಡಗಿದರು. ತಲೆಬಾಗಿಲಿಗೆ ದೀಪ ಇಲ್ಲದ್ದು ಮನೆಯೇ? ಹಾಕಿದ. ದೇವರ ಪಟದ ಮುಂದೆ ಕೆಂಪು ಬಲ್ಬು ಬೇಡವೇ? ಹಾಕಿದ. ಮಂಚಕ್ಕೊಂದು ಫ್ಯಾನು, ನಡುವೆ ಟ್ಯೂಬ್‌ಲೈಟು, ರೇಡಿಯೊಗೆ ಒಂದು, ಮೊಬೈಲಿಗೆ ಒಂದು. ನಾನೂ ಸುಮ್ಮನಿರದೆ ಅಡುಗೆ ಕಟ್ಟೆಯ ಮೇಲೆ ಮಿಕ್ಸಿಗೊಂದು ಪ್ಲಗ್ಗು ಕೇಳಿದೆ. ನಮ್ಮವರು ಮಂಡ್ಯದ ಪೇಟೆಗೆ ವೈರು ತರಲು ಹೋದವರು, ಯಾರೂ ಹೇಳದೆ ಬಣ್ಣಬಣ್ಣದ ಸೀರಿಯಲ್ ಸೆಟ್ಟು ತಂದು ಮುಂದಿನ ಗಾಜಿನ ಸುತ್ತ ಕಟ್ಟಿಸಿದರು. ಎದುರು ಮನೆಯಲ್ಲಿ ಇರುವಂಥ ಹಕ್ಕಿ ಕೂಗುವ ಬೆಲ್ಲೂ ಬೇಕು ಎಂದರು ಅತ್ತೆ. ಒತ್ತಿ ಬಿಡುವ ಗುಂಡಿ ಮುಗಿದುಹೋಗಿತ್ತು. ಸಿದ್ದರಾಜು ಸಾಮಾನ್ಯ ಸ್ವಿಚ್ಚನ್ನೇ ಬೆಲ್ಲಿಗೂ ಕೊಟ್ಟ. ಆನ್ ಮಾಡಿದರೆ ಆಫ್ ಮಾಡುವ ತನಕ ಹಕ್ಕಿ ಕೂಗುತ್ತಲೇ ಇರುತ್ತದೆ. ಹೀಗೆ ಹತ್ತಾಯಿತು. ಹನ್ನೊಂದನೆಯ ಸ್ವಿಚ್ಚು ಯಾವುದರದ್ದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಸಿದ್ದರಾಜುಗೂ ಗೊತ್ತಿಲ್ಲ. ಹನ್ನೊಂದೂ ಒಂದೇ ಬಣ್ಣ, ಒಂದೇ ಸಾಲು, ಯಾವುದರ ಮೇಲೂ ಹೆಸರಿಲ್ಲ.

ಎಲ್ಲ ಮುಗಿಯಿತು ಅನ್ನುವಾಗ ಅತ್ತೆ ಕೇಳಿದರು: "ಮೀಟ್ರು ಎಲ್ಲದೆ?"

ಸಿದ್ದರಾಜು ಸ್ಟಾರ್ಟರ್ ಡಬ್ಬ ತೋರಿಸಿದ. ಅತ್ತೆ ತಲೆಯಾಡಿಸಿದರು.

"ಮೀಟ್ರು ಇಲ್ದಿದ್ ಮೇಲೆ ಅದ್ಯಾವ ಮನೆ? ಗುಡ್ಸಲಿಗೂ ಕೊಟ್ಟವ್ರೆ."

ಸಿದ್ದರಾಜು ಮಾರನೆಯ ದಿನ ಮಂಡ್ಯದ ಗುಜರಿಯಿಂದ ಸತ್ತುಹೋದ ಮೀಟರೊಂದನ್ನು ತಂದು ಬಾಗಿಲ ಪಕ್ಕ ಸ್ಕ್ರೂ ಹಾಕಿ ಬಿಗಿದ. ಯಾವ ವೈರೂ ಇಲ್ಲ. ಅತ್ತೆ ಕನ್ನಡಕ ಸರಿಮಾಡಿಕೊಂಡು ಅದರ ಗಾಜಿನಲ್ಲಿ ಬಹಳ ಹೊತ್ತು ನೋಡಿ, "ಚಕ್ರ ತಿರುಗ್ತಾ ಇಲ್ವಲ್ಲಾ ಪದ್ಮ" ಎಂದರು.

"ಹೊಸ ಮನೆ ಅಲ್ವಾ ಅತ್ತೆ, ಇನ್ನೂ ಖರ್ಚಾಗಿಲ್ಲ" ಎಂದೆ. ಆಗಲೇ ಉರಿಯುತ್ತಿದ್ದ ದೇವರ ಪಟದ ಕೆಂಪು ಬಲ್ಬಿನ ಕಡೆ ನಾನು ನೋಡಲಿಲ್ಲ.

ಹೊರಡುವ ಹಿಂದಿನ ದಿನ ಸಂಜೆ ಬೀದಿಯವರೆಲ್ಲ ಬಸ್ಸು ನೋಡಲು ಬಂದರು. ಬಂದವರೆಲ್ಲ ಸ್ವಿಚ್ಚು ಒತ್ತಿ ನೋಡಿದರು. ನಮ್ಮವರು ಯಾರೂ ಯಾವುದನ್ನೂ ಆಫ್ ಮಾಡದ ಹಾಗೆ ನೋಡಿಕೊಂಡರು. ರಾತ್ರಿ ಹಕ್ಕಿಯ ಕೂಗು ನಿಂತಾಗ ಯಾರೋ ಬೆಲ್ಲು ಆಫ್ ಮಾಡಿದರು ಅಂದುಕೊಂಡೆ. ಬೆಳಗಾಗುವ ಹೊತ್ತಿಗೆ ಬ್ಯಾಟರಿ ಸತ್ತು ಮಲಗಿತ್ತು. ಹಗಲಿನಲ್ಲಿ ದೀಪ ಉರಿಯುತ್ತಿದೆಯೋ ಇಲ್ಲವೋ ಯಾರು ನೋಡುತ್ತಾರೆ? ನಾವು ಹೊರಟೆವು. ಅತ್ತೆ ಮಂಚದ ಮೇಲೆ ಕಿಟಕಿ ಪಕ್ಕ ಕೂತು, ದಾರಿಯುದ್ದಕ್ಕೂ ಕಂಡವರಿಗೆಲ್ಲ ಕೈಬೀಸಿದರು. ಎದುರು ಬಂದ ಲೈನ್ ಬಸ್ಸಿನ ಕಂಡಕ್ಟರಿಗೂ ಬೀಸಿದರು.

ಮಳವಳ್ಳಿಯಲ್ಲಿ ಜಯಳ ಮನೆ ಮುಂದೆ ಬಸ್ಸು ನಿಂತಾಗ ಮಧ್ಯಾಹ್ನ. ಹಗಲು ಬೀಗರ ಮನೆಯಲ್ಲಿ ಉಣ್ಣಲು ಶಾಸ್ತ್ರ ಅಡ್ಡ ಬರುವುದಿಲ್ಲವಾದ್ದರಿಂದ ಊಟ ಚೆನ್ನಾಗಿಯೇ ಆಯಿತು. ಐದು ಗಂಟೆಗೆ ಅತ್ತೆ ತಮ್ಮ ಸ್ವಂತ ಮನೆಗೆ ವಾಪಸ್ಸಾದರು. ಮರದ ಮೆಟ್ಟಿಲಿಟ್ಟು ನಾನೇ ಹತ್ತಿಸಿದೆ. ರಾತ್ರಿಗೆ ಚಟ್ನಿ ಮಾಡೋಣವೆಂದು ಕಾಯಿ, ಹುರಿಗಡಲೆ, ಮೆಣಸಿನಕಾಯಿ ಹಾಕಿ, ನೀರು ಬಿಟ್ಟು ಮಿಕ್ಸಿಯ ಗುಂಡಿ ತಿರುಗಿಸಿದೆ. ಮಿಕ್ಸಿ ಉಸಿರೆತ್ತಲಿಲ್ಲ. ಮುಚ್ಚಳ ತೆಗೆದು ನೋಡಿದೆ, ಅಲುಗಾಡಿಸಿದೆ, ಹಾಗೇ ಬಿಟ್ಟು ನಮ್ಮವರನ್ನು ಕರೆಯಲು ಇಳಿದೆ. ಈ ವಾಕ್ಯವನ್ನು ಮುಚ್ಚಿಡಬಹುದಿತ್ತು, ಆದರೆ ಗಂಡನ ತಪ್ಪು ಬರೆಯುವವಳು ತನ್ನದನ್ನೂ ಬರೆಯಬೇಕು.

ಬ್ಯಾಟರಿ ಸತ್ತಿದೆ ಎಂದು ಆಗ ಗೊತ್ತಾಯಿತು. ನಮ್ಮವರು ಏನೂ ಆಗದವರ ಹಾಗೆ ಉದ್ದ ವೈರು ಬಿಚ್ಚಿಕೊಂಡು ಜಯಳ ಮನೆಯ ಕಿಟಕಿಯ ಕಡೆ ನಡೆದರು.

ಬಸ್ಸಿನ ಕಿಟಕಿಯಿಂದ ಧ್ವನಿ ಬಂತು. "ಲೇ ನಿಂಗ, ಆ ವೈರು ಎಲ್ಲಿಗೆ ಓಯ್ತದ್ಲಾ?"

"ಜಯನ ಮನೆಗೆ ಕಣವ್ವ. ಬರೀ ಕರೆಂಟಿಗೆ."

"ಬೀಗ್ರ ಕರೆಂಟಾ? ಬೀಗ್ರ ದೀಪದಲ್ಲಿ, ಬೀಗ್ರ ಗಾಳೀಲಿ ನಾನು ಮನೀಕಬೇಕಾ? ಅದ್ಕೆ ಅವರ ಮನೇಲೇ ಮನೀಕಬೋದಿತ್ತಲ್ಲಾ."

ಜಯಳ ಗಂಡ ಶಿವಲಿಂಗಣ್ಣ ಸಮಾಧಾನದ ಮನುಷ್ಯ. ಕಿಟಕಿಯ ಕೆಳಗೆ ಬಂದು ನಿಂತು ಹೇಳಿದ: "ಅತ್ತೆ, ಕರೆಂಟು ನಮ್ದಲ್ಲ. ಸರ್ಕಾರದ್ದು."

"ಬಿಲ್ಲು ಯಾರ್ ಹೆಸ್ರಿಗೆ ಬತ್ತದೆ ಅಳಿಯಂದ್ರೆ?"

ಶಿವಲಿಂಗಣ್ಣ ಸುಳ್ಳು ಹೇಳುವುದನ್ನು ಕಲಿತಿಲ್ಲ. "ಇನ್ನೂ ನಮ್ಮಪ್ಪನ ಹೆಸ್ರಿಗೇ ಬತ್ತಾದೆ" ಎಂದ.

ಅವನಪ್ಪ ಎಂದರೆ ಸಾಕ್ಷಾತ್ ಬೀಗರು, ತೀರಿಕೊಂಡು ಹತ್ತು ವರ್ಷವಾದವರು. ಅತ್ತೆ ಸೆರಗು ಸಿಕ್ಕಿಸಿಕೊಂಡರು. "ತಿರುಗ್ಸು ಬಸ್ಸ" ಎಂದರು.

ನಮ್ಮವರು ಬಸ್ಸು ತಿರುಗಿಸಲಿಲ್ಲ, ಕೀ ಹುಡುಕಲು ಶುರು ಮಾಡಿದರು. ಕೀ ಅವರ ಕಿವಿಯ ಪಕ್ಕ, ಶರ್ಟಿನ ಕಾಲರಿಗೆ ಸಿಕ್ಕಿಸಿಕೊಂಡದ್ದು ನನಗೆ ಕಾಣುತ್ತಿತ್ತು. ಕತ್ತಲಾಗುತ್ತಾ ಬಂತು. ನಾನು ಜಯಳ ಅಡುಗೆಮನೆಗೆ ಹೋದೆ. ಅವಳು ಕೋಲಿಗೆ ಗಲ್ಲ ಊರಿ ಕೂತಿದ್ದಳು. ಅತ್ತಿರಲಿಲ್ಲ, ಅದೇ ನೋಡಲಾಗಲಿಲ್ಲ.

"ಓಗ್ಲಿ ಬುಡತ್ಗೆ" ಎಂದಳು. "ಅವ್ವ ಸಾಯೋವರ್ಗೂ ಅಷ್ಟೇ. ನನ್ ಹಣೇಲಿ ಇಲ್ಲ."

ನಾನು ಅವಳ ಕಿವಿಯಲ್ಲಿ ಏನು ಹೇಳಿದೆ ಎಂಬುದು ಬೇಡ. ನಮ್ಮತ್ತೆ ಇದನ್ನು ಯಾರಿಂದಲಾದರೂ ಓದಿಸಿಕೊಂಡರೆ ಕಷ್ಟ.

ಸ್ವಲ್ಪ ಹೊತ್ತಿಗೆ ಜಯ ಬಾಗಿಲಿಗೆ ಬಂದಳು. ಒಂದು ಕಂಕುಳಲ್ಲಿ ದಿಂಬು, ಒಂದು ಕೈಯಲ್ಲಿ ಕೋಲು, ಆ ಕೈಯ ಬೆರಳುಗಳಿಗೇ ಸುತ್ತಿಕೊಂಡದ್ದು ನಮ್ಮವರು ಕಿಟಕಿಯ ಬಳಿ ಬಿಟ್ಟಿದ್ದ ವೈರಿನ ತುದಿ. ಅವಳ ಬಾಗಿಲಿಂದ ಬಸ್ಸಿನ ಬಾಗಿಲಿಗೆ ಹತ್ತು ಹೆಜ್ಜೆ. ಆ ಮಂಡಿಯಲ್ಲಿ ಅದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು ಬಂದು, ಬಸ್ಸಿನ ತಗಡಿಗೆ ಕೋಲಿನಿಂದ ತಟ್ಟಿದಳು.

"ಯಾರು?" ಎಂದರು ಅತ್ತೆ ಒಳಗಿನ ಕತ್ತಲಿಂದ.

"ನಾನು ಕಣವ್ವ, ಜಯ. ತವರಿಗೆ ಬಂದಿವ್ನಿ."

ಶಿವಲಿಂಗಣ್ಣ ನನ್ನ ಮುಖ ನೋಡಿದ, ನಾನು ಬೀದಿ ದೀಪದ ಕಂಬ ನೋಡಿದೆ.

"ಗಂಡನ್ನ ಕೇಳ್ಕಂಡು ಬಂದ್ಯಾ?" ಎಂದರು ಅತ್ತೆ ಕೊನೆಗೆ.

"ಊಂ ಕಣವ್ವ. ಒಂದ್ ದಿನ ಇದ್ದು ಬಾ ಅಂದ್ರು."

"ಒಂದೇ ದಿನಕ್ಕೆ ಯಾಕ್ ಬಂದೆ? ಬಾ, ಬಾಗಿಲಲ್ಲಿ ನಿಂತ್ಕಬಾರ್ದು."

ನಾವು ಮೂವರೂ ಹಿಂದಿನಿಂದ ತಳ್ಳಿ, ಅತ್ತೆ ಮುಂದಿನಿಂದ ಎಳೆದು, ಜಯ ತವರು ಸೇರಿದಳು. ಅತ್ತೆ ಅವಳನ್ನು ಮಂಚದ ಮೇಲೆ ಕೂರಿಸಿ, ಕತ್ತಲಲ್ಲೇ ಅವಳ ಕೈ ಮುಟ್ಟಿ ನೋಡಿ, "ಕೈಯಲ್ಲೇನಿದು?" ಎಂದರು.

"ಬರಿಗೈಲಿ ಬರಬಾರ್ದಲ್ಲವ್ವ. ಕರೆಂಟು ತಂದಿವ್ನಿ."

ಮಗಳು ಗಂಡನ ಮನೆಯಿಂದ ತವರಿಗೆ ಬರುವಾಗ ಬಾಳೆಹಣ್ಣೋ, ಒಬ್ಬಟ್ಟೋ, ಏನಾದರೂ ಮಡಿಲಲ್ಲಿ ತರುತ್ತಾಳೆ. ಅದನ್ನು ಬೇಡ ಎನ್ನುವ ತಾಯಿ ನಮ್ಮ ಸೀಮೆಯಲ್ಲಿ ಇಲ್ಲ. ಅತ್ತೆ ವೈರನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. "ಲೇ ನಿಂಗ, ನಿಂತ್ಕಂಡೇನ್ ನೋಡ್ತೀಯ? ಮಗು ಬೆವತೋಗದೆ. ಸಿಗ್ಸು" ಎಂದರು. ಮಗುವಿಗೆ ಐವತ್ತನಾಲ್ಕು ವರ್ಷ.

ನಮ್ಮವರು ವೈರಿನ ಈ ತುದಿಯನ್ನು ಬಸ್ಸಿಗೂ, ಆ ತುದಿಯನ್ನು ಬೀಗರ ಗೋಡೆಗೂ ಸಿಕ್ಕಿಸಿ, ಓಡಿ ಬಂದು ಬಲಗಾಲಿಟ್ಟು ಹತ್ತಿ, ಸ್ಟಾರ್ಟರ್ ಡಬ್ಬದ ಹಸಿರು ಗುಂಡಿ ಒತ್ತಿದರು.

ಹಿಂದಿನ ಸಂಜೆಯಿಂದ ಆನ್ ಆಗಿಯೇ ಕಾದಿದ್ದ ಸ್ವಿಚ್ಚುಗಳಿಗೆಲ್ಲ ಒಟ್ಟಿಗೆ ಕರೆಂಟು ಬಂತು. ಟ್ಯೂಬ್‌ಲೈಟು ಉರಿಯಿತು, ಎರಡು ಫ್ಯಾನೂ ತಿರುಗಿದವು, ರೇಡಿಯೊದಲ್ಲಿ ಯಾರೋ ಭತ್ತದ ಬೆಂಕಿರೋಗದ ಬಗ್ಗೆ ಗಟ್ಟಿಯಾಗಿ ಮಾತಾಡಿದರು, ಹಕ್ಕಿ ಕೂಗತೊಡಗಿತು, ಹೊರಗೆ ಸೀರಿಯಲ್ ಸೆಟ್ಟು ಕೆಂಪು ಹಸಿರು ಹಳದಿಯಾಗಿ ಓಡಾಡಿತು. ಮುಚ್ಚಳವಿಲ್ಲದ ಮಿಕ್ಸಿ ನನ್ನ ಚಟ್ನಿಯನ್ನು ಮೊದಲು ಚಾವಣಿಗೆ, ಅಲ್ಲಿಂದ ಫ್ಯಾನಿಗೆ, ಫ್ಯಾನಿನಿಂದ ಎಲ್ಲರಿಗೂ ಸಮನಾಗಿ ಬಡಿಸಿತು.

"ಯಾರೋ ಬಂದವ್ರೆ ನೋಡ್ರೋ, ಬೆಲ್ಲು ಒಡಿತಾವ್ರೆ" ಎಂದರು ಅತ್ತೆ.

ನಮ್ಮವರು ಬೆಲ್ಲಿನ ಸ್ವಿಚ್ಚು ಹುಡುಕಿದರು. ದೀಪ ಆರಿತು, ಹಕ್ಕಿ ಕೂಗಿತು. ದೀಪ ಹತ್ತಿತು, ಫ್ಯಾನು ನಿಂತಿತು, ಹಕ್ಕಿ ಕೂಗಿತು. ನಿಜವಾಗಿಯೂ ಬಾಗಿಲಲ್ಲಿ ಒಬ್ಬರು ಬಂದು ನಿಂತಿದ್ದರು. ಎದುರು ಮನೆಯಾಕೆ, ಕೈಯಲ್ಲಿ ಬಟ್ಟೆಚೀಲ. ಒಳಗೆಲ್ಲ ಒಂದು ಸಲ ಕಣ್ಣಾಡಿಸಿ, "ಏನ್ ಮಾರ್ತೀರಾ?" ಎಂದು ಕೇಳಿದರು.

"ಏನೂ ಇಲ್ಲ ಕಣ್ರವ್ವ" ಎಂದ ಶಿವಲಿಂಗಣ್ಣ, ಹುಬ್ಬಿನ ಮೇಲಿನ ಹುರಿಗಡಲೆ ಒರೆಸಿಕೊಳ್ಳುತ್ತಾ. "ನಮ್ಮೆಂಡ್ರು ತವರಿಗೆ ಬಂದವ್ರೆ."

ಅಷ್ಟರಲ್ಲಿ ನನಗೆ ಸಿದ್ದರಾಜುವಿನ ಮಾತು ನೆನಪಾಗಿ ಕೆಂಪು ಗುಂಡಿ ಒತ್ತಿದೆ. ಎಂಥ ಮೋಟರೂ ತೆಪ್ಪಗಾಯಿತು. ಆ ಕತ್ತಲಲ್ಲಿ ಮೊದಲು ನಕ್ಕವರು ಅತ್ತೆ. ಹಲ್ಲಿಲ್ಲದ ಬಾಯಿಯ ನಗು, ಸದ್ದಿಲ್ಲದೆ ಶುರುವಾಗಿ ಮಂಚ ಅಲುಗಾಡುವ ತನಕ ಹೋಯಿತು. ಅವರ ಹಿಂದೆ ಜಯ ನಕ್ಕಳು. "ಮಂಡಿ ನೋಯ್ತದೆ, ನಗಿಸ್ಬೇಡ ಕಣವ್ವ" ಎಂದು ನಕ್ಕಳು.

ಆಮೇಲೆ ನಾನು ಒಂದೊಂದೇ ಸ್ವಿಚ್ಚು ಆಫ್ ಮಾಡಿ, ಒಂದು ಫ್ಯಾನು, ಒಂದು ದೀಪ ಮಾತ್ರ ಉಳಿಸಿದೆ. ತವರಿಗೆ ಬಂದ ಮಗಳಿಗೆ ತವರಿನವರೇ ಅಡುಗೆ ಮಾಡಿ ಹಾಕಬೇಕು ಎಂದು ಅತ್ತೆ ಹುಕುಂ ಮಾಡಿದರು. ತಲೆಗೂದಲಲ್ಲಿ ಕಾಯಿತುರಿ ಇಟ್ಟುಕೊಂಡೇ ಒಲೆ ಹಚ್ಚಿದೆ.

ತಿಂದದ್ದು: ಅಕ್ಕಿರೊಟ್ಟಿ, ಮಿಕ್ಸಿಯ ತಳದಲ್ಲಿ ಉಳಿದಷ್ಟು ಚಟ್ನಿ, ಮಧ್ಯಾಹ್ನದ ಬಸ್ಸಾರಿನ ಪಲ್ಯ, ಶಿವಲಿಂಗಣ್ಣ ತಂದ ಪಚ್ಚಬಾಳೆಹಣ್ಣು. ಜಯ ನಾಲ್ಕು ರೊಟ್ಟಿ ತಿಂದಳು, ಆಪರೇಷನ್ ಆದಮೇಲೆ ಅಷ್ಟು ತಿಂದದ್ದು ಅವತ್ತೇ. ಮೊದಲು ಮಲಗಿದವಳೂ ಅವಳೇ. ಎಂಟೂವರೆಗೆ, ಅವ್ವನಿಗೆ ಯಾರದೋ ಮದುವೆಯ ವಿಷಯ ಹೇಳುತ್ತಾ, ಹುಡುಗನ ಹೆಸರಿನ ಅರ್ಧಕ್ಕೇ ನಿದ್ದೆ ಹೋದಳು. ಪಾತ್ರೆ ಜೋಡಿಸುತ್ತಿದ್ದ ನನ್ನ ಕೈಯಿಂದ ಒಂದು ಲೋಟ ಬಿತ್ತು. ಅತ್ತೆ ತಿರುಗಿ, ಪಿಸುಮಾತಿನಲ್ಲಿ ಗದರಿದರು. "ಮೆಲ್ಲಗೆ ಕಣಮ್ಮ. ಅಷ್ಟು ದೂರದಿಂದ ಬಂದವ್ಳೆ, ಸುಸ್ತಾಗಿರ್ತದೆ."

ಹತ್ತು ಹೆಜ್ಜೆಗೆ ಎಂಥ ಸುಸ್ತು ಅತ್ತೆ, ಎನ್ನಲು ಬಾಯಿ ತೆರೆದೆ. ಅವರ ಕೈ ಮಗಳ ಮಂಡಿಯ ಮೇಲಿತ್ತು. ಲೋಟ ಎತ್ತಿಟ್ಟು, ಸದ್ದಾಗದ ಹಾಗೆ ಇಳಿದು, ನಾನು ಹೋಗಿ ಬೀಗರ ಮನೆಯಲ್ಲಿ ಮಲಗಿದೆ.